ತೆರೆಯ ಮೇಲಿನ ಸಾವು

ಕ್ರೂರಿಯೆಂದು ಬಲ್ಲವನ ಕೊನೆಗಾಲವನ್ನು ಸಿನಿಮಾದಲ್ಲಿ ಕಂಡು ನಿಮ್ಮ ಕಣ್ಣು ಒದ್ದೆಯಾದದ್ದುಂಟೆ? ಅದು ತಪ್ಪೇ?

2004ರ ಜರ್ಮನ್ ಚಿತ್ರ ‘ಡೌನ್‌ಫಾಲ್’, 1945ರಲ್ಲಿ ಬರ್ಲಿನ್‌ನ ನೆಲಮಾಳಿಗೆಯಲ್ಲಿ ಹಿಟ್ಲರ್ ಕಳೆದ ಕೊನೆಯ ದಿನಗಳ ಕಥೆ. ಅವನ ಕೈ ನಡುಗುತ್ತದೆ; ಕಾರ್ಯದರ್ಶಿ ಹುಡುಗಿಯೊಡನೆ ಮೃದುವಾಗಿ ಮಾತಾಡುತ್ತಾನೆ. ರಾಕ್ಷಸನನ್ನು ಮನುಷ್ಯನಂತೆ ತೋರಿಸಿದರೆಂದು ಕೆಲವರು ಸಿಟ್ಟಾದರು. ನಾನು ಒಪ್ಪಲಾರೆ. ರಾಕ್ಷಸನೇ ಆಗಿದ್ದರೆ ಅವನಿಗೆ ಪಾಪದ ಹೊಣೆ ಎಲ್ಲಿಂದ ಬರಬೇಕು? ನನ್ನ ಅಳುಕು ಬೇರೆ. ಕ್ಯಾಮರಾ ಅವನ ಬಳಿಯೇ ಕುಳಿತಿರುವಾಗ, ಅವನು ಕೊಲ್ಲಿಸಿದ 60 ಲಕ್ಷ ಯೆಹೂದ್ಯರು ಹೊರಗೇ ಉಳಿಯುತ್ತಾರೆ. ಮರುಗುವುದು ಪಾಪವಲ್ಲ. ಆದರೆ ಅವರ ಪರವಾಗಿ ಕ್ಷಮಿಸುವ ಅಧಿಕಾರ ನೋಡುತ್ತ ಕುಳಿತ ನಮಗೆ ಯಾರು ಕೊಟ್ಟರು?

ನಮ್ಮ ಮನೆಯಂಗಳಕ್ಕೇ ಬರೋಣ. ಟಿಪ್ಪು ಸುಲ್ತಾನ ಹಿಟ್ಲರನಲ್ಲ. ಆಂಗ್ಲರೊಡನೆ ಹೋರಾಡುತ್ತಲೇ 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಮಡಿದವನು. ಆದರೆ ಆಂಗ್ಲರಿಗೆ ನೆರವಾದರೆಂದು 1784ರಲ್ಲಿ ಕೆನರಾದ ಕಥೋಲಿಕರನ್ನು ಮಕ್ಕಳು-ಮುದುಕರೆನ್ನದೆ ಸೆರೆಹಿಡಿದು ಘಟ್ಟ ಹತ್ತಿಸಿದವನೂ ಅವನೇ. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಅನೇಕರು. ಉಳಿದವರು ಊರ ದಾರಿ ಹಿಡಿದದ್ದು ಅವನ ಮರಣದ ನಂತರ.

1990ರ ಹೊತ್ತಿಗೆ ದೂರದರ್ಶನದಲ್ಲಿ ಅವನ ಧಾರಾವಾಹಿ ಬರುತ್ತಿತ್ತು. ನಾನಿನ್ನೂ ಚಿಕ್ಕವನು. ಕುಂದಾಪುರದ ನಮ್ಮ ಮನೆಯಲ್ಲಿ ಅಜ್ಜಿ ಜಪಸರ ಹಿಡಿದೇ ನೋಡುತ್ತಿದ್ದರು. ಕೊನೆಗೆ ಅವನು ನೆಲಕ್ಕೊರಗಿದಾಗ, “ಅಯ್ಯೋ, ಪಾಪ!” ಎಂದರು. ಮರುಗಳಿಗೆಯಲ್ಲೇ, “ಅವ ಸಾಯದಿದ್ದರೆ ನಮ್ಮವರು ಮನೆಗೆ ಬರ್ತಿರ್ಲಿಲ್ಲ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಆ ರಾತ್ರಿಯ ಜಪಸರದಲ್ಲಿ ಒಂದು ‘ಪರಲೋಕ ಮಂತ್ರ’ ಹೆಚ್ಚಾಗಿತ್ತು. ಯಾರಿಗೆಂದು ನಾವು ಕೇಳಲಿಲ್ಲ.