ಅನ್ನಪಾನನಿರೋಧವೂ ವೃದ್ಧಾಶ್ರಮಗಳೂ

ಅಹಿಂಸಾಣುವ್ರತಕ್ಕೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಹೇಳಿರುವರು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವುಗಳ ಪಾಠ ಹೇಳುವಾಗ ಎತ್ತು ಹಸುಗಳ ಉದಾಹರಣೆ ಕೊಡುವುದು ವಾಡಿಕೆ. ಬಿಗಿಯಾಗಿ ಕಟ್ಟಬಾರದು, ಹೊತ್ತಿಗೆ ಸರಿಯಾಗಿ ಮೇವು ನೀರು ಕೊಡಬೇಕು. ಆದರೆ ಪರಾಧೀನ ಜೀವಗಳು ಕೊಟ್ಟಿಗೆಯಲ್ಲಿ ಮಾತ್ರ ಇರುವುದಿಲ್ಲ. ವೃದ್ಧಾಶ್ರಮದ ಮಂಚದ ಮೇಲೆ ಮಲಗಿ, ತಾನಾಗಿ ಎದ್ದು ನೀರು ಕುಡಿಯಲಾರದ ಮನುಷ್ಯನೂ ಪರಾಧೀನನೇ.

ಬಿದ್ದಾರೆಂದು ಕೈಯನ್ನು ಮಂಚಕ್ಕೆ ಕಟ್ಟುವುದು, ದಾರಿ ತಪ್ಪಿಯಾರೆಂದು ಹೊರಗಿನಿಂದ ಚಿಲಕ ಹಾಕುವುದು, ಹಾಸಿಗೆ ಒದ್ದೆಯಾದೀತೆಂದು ಸಂಜೆಯ ಬಳಿಕ ನೀರು ಕೊಡದಿರುವುದು, ಇವು ದ್ವೇಷದಿಂದ ನಡೆಯುವುದು ಅಪೂರ್ವ. ನೋಡಿಕೊಳ್ಳುವವರು ಕಡಿಮೆ, ಕೆಲಸ ಹೆಚ್ಚು. ಆದರೂ ದ್ವೇಷವಿಲ್ಲದ ಮಾತ್ರಕ್ಕೆ ದೋಷವಿಲ್ಲವೆನ್ನಲಾಗದು. ಹಿಂಸೆಯ ಲಕ್ಷಣ ಹೇಳುವಾಗ ಅದೇ ಅಧ್ಯಾಯವು ಪ್ರಮತ್ತಯೋಗವನ್ನು, ಎಂದರೆ ಎಚ್ಚರಗೇಡಿತನವನ್ನು, ಮುಂದಿಟ್ಟಿದೆ.

ನಲವತ್ತು ವರ್ಷ ರಾತ್ರಿಭೋಜನ ತ್ಯಾಗ ಪಾಲಿಸಿದ ಮುದುಕಿಯೊಬ್ಬಳು, ರಾತ್ರಿ ಎಂಟಕ್ಕೆ ಊಟ ಬಡಿಸುವ ಆಶ್ರಮ ಸೇರಿದಳೆಂದು ಭಾವಿಸೋಣ. ತಟ್ಟೆ ಬರುತ್ತದೆ, ಹಾಗೆಯೇ ಹಿಂದಿರುಗುತ್ತದೆ. ಪುಸ್ತಕದಲ್ಲಿ ಮಾತ್ರ ಊಟ ಕೊಟ್ಟಿದೆಯೆಂದು ಬರೆದಿರುತ್ತದೆ. ಇದು ಅನ್ಯಾಯವೆಂದು ನಮ್ಮವರೆಲ್ಲರೂ ಒಪ್ಪುವರು. ಇದಕ್ಕೆ ವಿರುದ್ಧವಾದುದನ್ನು ಒಪ್ಪುವುದು ಕಷ್ಟ. ಶ್ರಾವಕರೇ ನಡೆಸುವ ಆಶ್ರಮದಲ್ಲಿ ಸೂರ್ಯಾಸ್ತಕ್ಕೆ ಅಡಿಗೆಮನೆಗೆ ಬೀಗ ಬಿದ್ದರೆ, ಇನ್ಸುಲಿನ್ ತೆಗೆದುಕೊಳ್ಳುವ ರೋಗಿಯ, ಆ ವ್ರತವನ್ನೇ ಹಿಡಿಯದವನ ಗತಿ ಏನು? ವ್ರತವು ಸ್ವಂತ ಸಂಕಲ್ಪದಿಂದ ಬರತಕ್ಕದ್ದು. ಬೀಗದಿಂದ ಬಂದ ಉಪವಾಸಕ್ಕೆ ಶಾಸ್ತ್ರದಲ್ಲಿ ಬೇರೆಯೇ ಹೆಸರಿದೆ. ಅದು ಮೇಲಿನ ಐದರಲ್ಲಿ ಕೊನೆಯದು. ಅಷ್ಟಮಿ ಚತುರ್ದಶಿಗಳಲ್ಲಿಯೂ ಅಷ್ಟೆ. ಹಿಂದೆ ಪ್ರೋಷಧ ಮಾಡುತ್ತಿದ್ದರೆಂದು ಈಗಲೂ ತಟ್ಟೆ ಇಡದಿರುವುದು ಸರಿಯಲ್ಲ. ಪ್ರತಿ ಸಲವೂ ಅವರನ್ನೇ ಕೇಳಬೇಕು. ಬೇಡವೆಂದರೆ ಏಕೆ ಬೇಡವೆಂದೂ ಕೇಳಬೇಕು, ಏಕೆಂದರೆ ಮಗ ಬರಲಿಲ್ಲವೆಂಬ ದುಃಖದಿಂದ ಅನ್ನ ಬಿಟ್ಟವರನ್ನು ವ್ರತಿಗಳೆಂದು ಕೊಂಡಾಡುವ ಪ್ರಮಾದವೂ ಉಂಟು.

2007ರಲ್ಲಿ ಆದ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆಯ 19ನೆಯ ಪ್ರಕರಣವು, ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳವಿರುವ ಆಶ್ರಮವೊಂದನ್ನಾದರೂ ಸರ್ಕಾರ ಸ್ಥಾಪಿಸಬಹುದೆಂದು ಹೇಳುತ್ತದೆ. ಅಲ್ಲಿನ ವೈದ್ಯೋಪಚಾರ, ಮನರಂಜನೆಗಳ ಮಟ್ಟವನ್ನು ಸರ್ಕಾರ ಗೊತ್ತುಪಡಿಸಬಹುದೆಂದೂ ಅದರಲ್ಲಿದೆ. ನಿವಾಸಿಯ ಮಾತನ್ನು ಕೇಳಬೇಕೆಂದು ಆ ಪ್ರಕರಣದಲ್ಲಿ ಇಲ್ಲ. ಆ ಕೊರತೆಯನ್ನು ಹೊರಗಿನವರು ತುಂಬಬೇಕಾಗಿದೆ. ಸಮಂತಭದ್ರಾಚಾರ್ಯರು ವೈಯಾವೃತ್ಯವನ್ನು ಶಿಕ್ಷಾವ್ರತಗಳಲ್ಲಿ ಸೇರಿಸಿರುವರು. ಮುನಿಸೇವೆಯೇ ಅದರ ಮುಖ್ಯಾರ್ಥವಾದರೂ, ಅದನ್ನು ಕಲಿತ ಕೈ ಬೇರೆಡೆಗೆ ಚಾಚಲಾರದೆಂದು ಯಾರೂ ಹೇಳಿಲ್ಲ.

ಹುಟ್ಟುಹಬ್ಬದ ದಿನ ಆಶ್ರಮದಲ್ಲಿ ಸಿಹಿಯೂಟ ಹಾಕಿಸಿ ಹಿಂದಿರುಗುವ ಗೃಹಸ್ಥರು, ಮತ್ತೊಂದು ದಿನ ತಿಳಿಸದೆ ಸಂಜೆಯ ಹೊತ್ತಿಗೆ ಹೋಗಲಿ. ಮೇಲ್ವಿಚಾರಕರ ಎದುರಿಗಲ್ಲದೆ ಪ್ರತ್ಯೇಕವಾಗಿ ಮಾತನಾಡಿಸಲಿ. ದೂರು ಗಂಭೀರವಾಗಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ತಿಳಿಸಲಿ. ಕೇಳಲು ಬೇರೇನೂ ತೋಚದಿದ್ದರೆ, ಕೊನೆಯ ಲೋಟ ನೀರು ಎಷ್ಟು ಗಂಟೆಗೆ ಸಿಕ್ಕಿತೆಂದು ಕೇಳಲಿ.