ಬೀಸುವ ಕಲ್ಲೂ ಹೊಲಿಗೆಯ ಯಂತ್ರವೂ



ಯೊಪ್ಪದ ದೊರ್ಕಳ ವೃತ್ತಾಂತವನ್ನು ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯದಲ್ಲಿ ನಾವು ಓದಿದ್ದೇವೆ. ಆಕೆ ತೀರಿಹೋದಾಗ ಅಲ್ಲಿಯ ವಿಧವೆಯರು ಕಣ್ಣೀರಿಡುತ್ತಾ, ಆಕೆ ಹೊಲಿದ ಬಟ್ಟೆಗಳನ್ನು ಪೇತ್ರನಿಗೆ ತೋರಿಸಿದರು. ಆ ಬಟ್ಟೆಗಳೇ ಆಕೆಯ ಭಕ್ತಿಗೆ ಸಾಕ್ಷಿಯಾದವು.

ದೊರ್ಕಳು ಧರ್ಮಾರ್ಥವಾಗಿ ಹೊಲಿದಳು. ನಮ್ಮ ಹಳ್ಳಿಗಳಲ್ಲಿಯಾದರೋ ಅನೇಕ ಸಹೋದರಿಯರು ಹೊಟ್ಟೆಗೋಸ್ಕರ ಹೊಲಿಯುತ್ತಾರೆ. ಗಂಡನನ್ನು ಕಳಕೊಂಡವಳೂ ಭೂಮಿಯಿಲ್ಲದವಳೂ ಜಗಲಿಯ ಮೇಲೆ ಯಂತ್ರವನ್ನಿಟ್ಟು, ರವಿಕೆ, ಲಂಗ, ಶಾಲೆಯ ಮಕ್ಕಳ ಅಂಗಿ ಇವುಗಳನ್ನು ಹೊಲಿದು ಮಕ್ಕಳನ್ನು ಸಾಕುತ್ತಾರೆ. ಇದು ಹೀನವಾದ ಕಸಬಲ್ಲ. ಪೌಲನು ಸಹ ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಸಂಗಡ ಗುಡಾರ ಮಾಡಿ ಜೀವಿಸಿದನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು, ದೀಕ್ಷಾಸ್ನಾನ ಹೊಂದಿದ್ದರಿಂದ ಮನೆಯನ್ನೂ ಕಸಬನ್ನೂ ಕಳಕೊಂಡವರಿಗೆ ಜೀವನೋಪಾಯವಾಗಬೇಕೆಂದು ನೇಯ್ಗೆಯ ಕಾರ್ಖಾನೆಯನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. ಪ್ರಾರ್ಥನೆಯ ಸಂಗಡ ಕೈಗೆ ಕೆಲಸವೂ ಬೇಕೆಂಬದನ್ನು ಅವರು ಅರಿತಿದ್ದರು.

ಈಗ ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳೋಣ. ಕ್ರಿಸ್ಮಸ್ ಹಬ್ಬಕ್ಕೆ ಹೊಸ ರವಿಕೆ ಬೇಕೆಂದು ನಾವು ಅವಸರಪಡಿಸುತ್ತೇವೆ. ಆಕೆ ನಿದ್ದೆಗೆಟ್ಟು ಹೊಲಿದುಕೊಡುತ್ತಾಳೆ. ಹಣ ಕೇಳಿದರೆ, "ನೀನು ನಮ್ಮ ಸಭೆಯವಳೇ ಅಲ್ಲವೇ, ಅಕ್ಕಾ? ಸುಗ್ಗಿಯಾಗಲಿ, ಕೊಡೋಣ" ಅನ್ನುತ್ತೇವೆ. ಪೇಟೆಯ ದರ್ಜಿಗೆ ಮಾತ್ರ ಕೇಳಿದಷ್ಟನ್ನು ಎಣಿಸಿ ಕೊಟ್ಟು ಬರುತ್ತೇವೆ. ಪ್ರಿಯರೇ, ದಿನಗೂಲಿಯು ಬೆಳಗಾಗುವ ತನಕ ನಮ್ಮಲ್ಲಿ ಉಳಿಯಬಾರದೆಂದು ಯಾಜಕಕಾಂಡದಲ್ಲಿ ವಿಧಿಯಿದೆ. ಕೊಡದೆ ಹಿಡಿದ ಕೂಲಿಯು ನಮಗೆ ವಿರೋಧವಾಗಿ ದೇವರ ಸನ್ನಿಧಿಯಲ್ಲಿ ಮೊರೆಯಿಡುವದೆಂದು ಯಾಕೋಬನು ಎಚ್ಚರಿಸುತ್ತಾನೆ. ದಾರಕ್ಕೂ ಗುಂಡಿಗೂ ಆಕೆ ಮೊದಲೇ ಕೈಯಿಂದ ಹಣ ಹಾಕಿರುತ್ತಾಳೆ. ನಾವು ತಡಮಾಡಿದರೆ ಆಕೆ ಸಾಲ ಮಾಡುವಳು. ಸಾಲ ತೀರದಿದ್ದರೆ ಯಂತ್ರವೇ ಒತ್ತೆ ಹೋಗುವದು. ಬೀಸುವ ಕಲ್ಲನ್ನು ಒತ್ತೆಗೆ ಕೇಳುವವನು ಜೀವವನ್ನೇ ಒತ್ತೆಗೆ ಕೇಳಿದಂತೆ ಎಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವು ಕಲಿಸುತ್ತದೆ. ಹೊಲಿಯುವವಳಿಗೆ ಯಂತ್ರವೇ ಬೀಸುವ ಕಲ್ಲು.

ಆದಕಾರಣ ಬಟ್ಟೆಯು ಕೈಸೇರಿದ ದಿನವೇ ಹಣವನ್ನು ಸಲ್ಲಿಸೋಣ. ಹೊಲಿಯುವ ಸಹೋದರಿಯರೂ ಹೇಳಿದ ದಿನಕ್ಕೆ ಕೆಲಸ ಮುಗಿಸಲಿ. ಮಿಕ್ಕ ತುಂಡನ್ನು ಹಿಂದಕ್ಕೆ ಕೊಡಲಿ. ದಾರ, ಗುಂಡಿ, ಎಣ್ಣೆಯ ಖರ್ಚನ್ನು ಪುಸ್ತಕದಲ್ಲಿ ಬರೆದು, ಮನೆಯ ಹಣವನ್ನೂ ಕಸಬಿನ ಹಣವನ್ನೂ ಬೇರೆ ಬೇರೆಯಾಗಿ ಇಡಲಿ. 2023ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಯ ಕಸಬೂ ಸೇರಿದೆ. ಅದರಲ್ಲಿ ತರಬೇತಿಯನ್ನೂ, ಉಪಕರಣಕ್ಕೆ 15,000 ರೂಪಾಯಿಯ ವರೆಗೆ ಸಹಾಯವನ್ನೂ, ಮೊದಲನೆಯ ಕಂತಾಗಿ 1 ಲಕ್ಷ ರೂಪಾಯಿಯ ವರೆಗೆ ಸಾಲವನ್ನೂ ಗೊತ್ತುಮಾಡಿದ್ದಾರೆ. ಆ ಸಾಲಕ್ಕೆ ಒತ್ತೆಯಿಡಬೇಕಾಗಿಲ್ಲ. ಅರ್ಜಿಯ ಕಾಗದಗಳಿಗೆ ಅಂಜುವ ಸಹೋದರಿಯ ಸಂಗಡ ನಮ್ಮ ಸಭೆಯ ಓದುಬಲ್ಲ ಯೌವನಸ್ಥರು ಹೋಗಲಿ.

ಪೇತ್ರನು ದೊರ್ಕಳಿಗೆ ಕೈಕೊಟ್ಟು ಎಬ್ಬಿಸಿದನು. ಸತ್ತವರನ್ನು ಎಬ್ಬಿಸುವ ಶಕ್ತಿ ನಮಗಿಲ್ಲ. ಬದುಕಿರುವವಳ ಕೂಲಿಯನ್ನು ಈ ಸಾಯಂಕಾಲವೇ ಕೊಡುವ ಶಕ್ತಿಯು ನಮಗುಂಟು. ಮನೆಗೆ ಹೋಗುವ ದಾರಿಯಲ್ಲಿ ಆಕೆಯ ಜಗಲಿಯನ್ನು ದಾಟುವಾಗ ನಿಲ್ಲೋಣ. ಅದಕ್ಕೆ ಬೇಕಾದ ಮನಸ್ಸನ್ನು ಕರ್ತನು ನಮಗೆ ಅನುಗ್ರಹಿಸಲಿ. ಆಮೆನ್.