ಕಮಾನು ಪಟ್ಟಿಯಲ್ಲಿ ಮಚ್ಚು ಮೊದಲೇ ಇತ್ತೇ?

ಒಂದು ಕೆಲಸಕ್ಕೆಂದು ಮಾಡಿದ ವಸ್ತು ಮತ್ತೊಂದು ಕೆಲಸಕ್ಕೆ ಒದಗಿದಾಗ, ಆ ಎರಡನೆಯ ಯೋಗ್ಯತೆ ಅದರೊಳಗೆ ಮೊದಲೇ ಇತ್ತೇ, ಅಥವಾ ಮಾಡಿದವರ ಕೈಯಲ್ಲಿ ಹೊಸದಾಗಿ ಹುಟ್ಟಿತೇ? ಕಾರ್ಯಕ್ಕೂ ಕಾರಣಕ್ಕೂ ಇರುವ ನಂಟಿನ ಹೆಸರಿನಲ್ಲಿ ಭಾರತೀಯ ದರ್ಶನಗಳು ಶತಮಾನಗಳ ಕಾಲ ವಾದಿಸಿದ್ದು ಇದನ್ನೇ. ಶಾಸ್ತ್ರಗ್ರಂಥಗಳು ಮಣ್ಣು–ಮಡಕೆ, ನೂಲು–ಬಟ್ಟೆ, ಹಾಲು–ಮೊಸರುಗಳ ಉದಾಹರಣೆ ಕೊಡುತ್ತವೆ. ಅವೆಲ್ಲ ಕಚ್ಚಾ ಪದಾರ್ಥದಿಂದ ಹೊರಡುವಂಥವು. ಒಂದು ರೂಪ, ಒಂದು ಹೆಸರು ಹೊತ್ತು ಬಾಳಿ, ಕೊನೆಗೆ ಗುಜರಿ ಸೇರಿದ ವಸ್ತುವಿನಿಂದ ಹೊರಟರೆ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ.

ಉತ್ತರ ಬೆಂಗಳೂರಿನ ಯಲಹಂಕದಲ್ಲಿ ಇಂಥ ಮರುಬಳಕೆಯ ದೊಡ್ಡ ನಿದರ್ಶನವಿದೆ. ಅಲ್ಲಿನ ರೈಲು ಗಾಲಿ ಕಾರ್ಖಾನೆ ಆರಂಭವಾದದ್ದು 1984ರಲ್ಲಿ. ಓಡಿ ಸವೆದ ರೈಲು ಗಾಲಿಗಳು, ಆಕ್ಸಲ್‌ಗಳು ಇಲ್ಲಿಗೆ ಗುಜರಿಯಾಗಿ ಬಂದು ವಿದ್ಯುತ್ ಕುಲುಮೆಯಲ್ಲಿ ಕರಗುತ್ತವೆ; ಆ ಉಕ್ಕನ್ನು ಗ್ರಾಫೈಟಿನ ಅಚ್ಚಿಗೆ ಎರೆದು ಹೊಸ ಗಾಲಿ ತೆಗೆಯುತ್ತಾರೆ. ಇದು ಮೊದಲ ಬಗೆ: ಹಳೆಯ ರೂಪ ಪೂರ್ತಿ ಅಳಿದು ದ್ರವ್ಯ ಮಾತ್ರ ಉಳಿಯುತ್ತದೆ. ಲಾರಿಗಳ ನೆಲೆಯಾದ ಯಶವಂತಪುರದ ಕಡೆಯ ಗುಜರಿಯಲ್ಲಿ ಕಾಣುವುದು ಎರಡನೆಯ ಬಗೆ. ಲಾರಿಯ ಮುರಿದ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಕಮ್ಮಾರರ ಕೈ ಸೇರಿ ಮಚ್ಚೋ ಕುಡುಗೋಲೋ ಆಗುವುದು ಕರ್ನಾಟಕದ ಉದ್ದಗಲಕ್ಕೂ ಇರುವ ರೂಢಿ. ಇಲ್ಲಿ ಉಕ್ಕು ಕರಗುವುದಿಲ್ಲ, ಕೆಂಪಗೆ ಕಾದು ಬಡಿತಕ್ಕೆ ಆಕಾರ ಬದಲಿಸುತ್ತದೆ. ಮೂರನೆಯ ಬಗೆಯಲ್ಲಿ ಆಕಾರವೂ ಬದಲಾಗುವುದಿಲ್ಲ. ಮೂಲೆಗೆ ಬಿದ್ದ ಫ್ರಿಜ್ಜಿನ ಕಂಪ್ರೆಸರ್ ಬಿಚ್ಚಿ ಸಣ್ಣ ಟ್ಯಾಂಕಿಗೆ ಜೋಡಿಸಿದರೆ ಗಾಡಿಗೆ ಬಣ್ಣ ಹೊಡೆಯುವ ಗಾಳಿಯಂತ್ರವಾಗುತ್ತದೆ. ಅನಿಲ ಒತ್ತುತ್ತಿದ್ದುದು ಈಗ ಗಾಳಿ ಒತ್ತುತ್ತದೆ, ಅಷ್ಟೇ.

ಈ ಮೂರನೆಯ ಬಗೆಯನ್ನು ಕಲೆಯ ಮಟ್ಟಕ್ಕೆ ಬೆಳೆಸಿದವರು ಅಮೆರಿಕದ ಹಾಟ್ ರಾಡ್ ಕಾರು ಕಟ್ಟುವವರು. 1930ರ ದಶಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಯುವಕರು ಹಳೆಯ ಫೋರ್ಡ್ ಕಾರುಗಳ ಮಡ್‌ಗಾರ್ಡ್ ಕಳಚಿ, ಗುಜರಿಯಿಂದ ತಂದ ಭಾಗ ಕೂಡಿಸಿ, ಒಣಗಿದ ಸರೋವರಗಳ ಅಂಗಳದಲ್ಲಿ ಓಡಿಸುತ್ತಿದ್ದರು. 1946ರಲ್ಲಿ ಬಿಲ್ ಬರ್ಕ್ ಯುದ್ಧವಿಮಾನದ ಅಡಿಯಲ್ಲಿ ತೂಗುಹಾಕುವ ಇಂಧನದ ಟ್ಯಾಂಕನ್ನೇ ಕಾರಿನ ಮೈಯಾಗಿಸಿದ. ಆಕಾಶದಲ್ಲಿ ಗಾಳಿಗೆ ಅಡ್ಡಿಯಾಗಬಾರದೆಂದು ಕೊಟ್ಟ ಆಕಾರ ನೆಲದ ಮೇಲೂ ಅದೇ ಗುಣ ತೋರಿತು. ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಸಂಗತಿ ಯೆಜ್ಡಿ ಬೈಕಿನದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಬೈಕುಗಳು ರಸ್ತೆಯಲ್ಲಿ ಉಳಿದವು. ಕಂಪನಿಯ ಬಿಡಿಭಾಗ ಸಿಗದಾದಾಗ ಲೇತಿನಲ್ಲಿ ಕಡೆಸಿದ, ಬೇರೆ ಗಾಡಿಗಳಿಂದ ಬಿಚ್ಚಿ ತಂದ ಭಾಗಗಳು ಅವುಗಳ ಉಸಿರು ಉಳಿಸಿದವು.

ಮೊದಲ ಪ್ರಶ್ನೆಗೆ ಮರಳಿದರೆ, ಸಾಂಖ್ಯ ದರ್ಶನದವರ ಪ್ರಕಾರ ಕಾರ್ಯ ಕಾರಣದಲ್ಲಿ ಮೊದಲೇ ಇರುತ್ತದೆ. ಮಾಡುವವರು ಅದನ್ನು ಪ್ರಕಟಗೊಳಿಸುತ್ತಾರೆ. ಈಶ್ವರಕೃಷ್ಣನ ಸಾಂಖ್ಯಕಾರಿಕೆ ಇದಕ್ಕೆ ಕೊಡುವ ಐದು ಕಾರಣಗಳಲ್ಲಿ ಎರಡು ಗುಜರಿ ಅಂಗಡಿಗೆ ನೇರವಾಗಿ ಅನ್ವಯಿಸುತ್ತವೆ: ಬೇಕಾದ ಫಲಕ್ಕೆ ತಕ್ಕ ಉಪಾದಾನವನ್ನೇ ಜನ ಹುಡುಕುತ್ತಾರೆ, ಮತ್ತು ಎಲ್ಲದರಿಂದಲೂ ಎಲ್ಲವೂ ಹುಟ್ಟುವುದಿಲ್ಲ. ಕಮ್ಮಾರರು ಕಿಟಕಿಯ ಸರಳನ್ನು ಬಿಟ್ಟು ಕಮಾನು ಪಟ್ಟಿಯನ್ನೇ ಆರಿಸಲು ಕಾರಣವಿದೆ. ಪಟ್ಟಿಯ ಉಕ್ಕಿನಲ್ಲಿ ಇಂಗಾಲ ಶೇ. 0.5ಕ್ಕೂ ಹೆಚ್ಚು ಇರುವುದರಿಂದ ಕಾಯಿಸಿ ಅದ್ದಿದಾಗ ಅದು ಗಡುಸಾಗಿ ಬಾಯಿ ಹಿಡಿಯುತ್ತದೆ. ಸರಳಿನ ಮೆದು ಉಕ್ಕಿನಲ್ಲಿ ಇಂಗಾಲ ಅದರ ಅರ್ಧಕ್ಕಿಂತ ಕಡಿಮೆ. ಎಷ್ಟು ಕಾಯಿಸಿ ಬಡಿದರೂ ಅದು ಹರಿತ ಉಳಿಸಿಕೊಳ್ಳದು. ಅಲ್ಯೂಮಿನಿಯಂ ಎರಕದಲ್ಲೂ ಹೀಗೆಯೇ. ಸಿಲಿಕಾನ್ ಬೆರೆತ ಹಳೆಯ ಪಿಸ್ಟನ್ ಕರಗಿಸಿದರೆ ಅಚ್ಚಿನ ಮೂಲೆಮೂಲೆಗೂ ಹರಿದು ಗಟ್ಟಿ ಭಾಗ ಕೊಡುತ್ತದೆ. ಅಡುಗೆಮನೆಯ ಮೆದು ಪಾತ್ರೆ ಅಷ್ಟು ಚೆನ್ನಾಗಿ ಎರಕಕ್ಕೆ ಒಗ್ಗುವುದಿಲ್ಲ. ಯೋಗ್ಯತೆಯನ್ನು ಇಚ್ಛೆಯಿಂದ ತುಂಬಲಾಗದು ಎಂಬಷ್ಟರ ಮಟ್ಟಿಗೆ ಸಾಂಖ್ಯರ ಮಾತನ್ನು ಅಲ್ಲಗಳೆಯುವುದು ಕಷ್ಟ.

ನ್ಯಾಯ ದರ್ಶನದವರಾದ ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಮಚ್ಚು ಪಟ್ಟಿಯಲ್ಲೇ ಇದ್ದಿದ್ದರೆ ಪಟ್ಟಿಯಿಂದಲೇ ಎಳನೀರು ಕೆತ್ತಬಹುದಿತ್ತು, ಕಮ್ಮಾರರ ದುಡಿಮೆ ಬೇಕಿರಲಿಲ್ಲ. ಅಡಗಿದ್ದದ್ದು ಪ್ರಕಟವಾಯಿತು ಎಂದರೆ, ಆ ಪ್ರಕಟಣೆಯಾದರೂ ಮೊದಲು ಇತ್ತೇ ಇಲ್ಲವೇ ಎಂದು ಅವರು ಮರುಪ್ರಶ್ನೆ ಹಾಕುತ್ತಾರೆ. ಅವರ ಮತದಲ್ಲಿ ಅವಯವಗಳು ಕೂಡಿದಾಗ ಹುಟ್ಟುವ ಅವಯವಿ ನಿಜವಾಗಿಯೂ ಹೊಸದು. ಒಂದು ಅವಯವ ಕಳಚಿದರೆ ಹಳೆಯ ಅವಯವಿ ಅಳಿದು ಮತ್ತೊಂದು ಹುಟ್ಟುತ್ತದೆ. ಹಾಗಾದರೆ ಭಾಗ ಬದಲಿಸಿದಾಗಲೆಲ್ಲ ಯೆಜ್ಡಿ ಬೇರೆಯದೇ ಬೈಕು. ಅದೇ ಇದು ಎಂಬ ಗುರುತು ಹೋಲಿಕೆಯಿಂದ ಬಂದದ್ದು. ತರ್ಕ ಗಟ್ಟಿಯಾಗಿದೆ. ಆದರೆ ತಂದೆಯ ಕಾಲದಿಂದ ಆ ಬೈಕನ್ನು ಸಾಕಿಕೊಂಡು ಬಂದವರು ಇದನ್ನು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಉಡುಪಿಯ ಮಧ್ವಾಚಾರ್ಯರ ದ್ವೈತ ಪರಂಪರೆ ಎರಡು ಮತಗಳ ನಡುವೆ ನಿಲ್ಲುತ್ತದೆ: ಹುಟ್ಟುವ ಮುನ್ನ ಕಾರ್ಯವು ಕಾರಣದ ರೂಪದಲ್ಲಿ ಇತ್ತು, ಕಾರ್ಯದ ರೂಪದಲ್ಲಿ ಇರಲಿಲ್ಲ.

ಗುಜರಿಯ ಲೋಕವನ್ನು ಎಲ್ಲಕ್ಕಿಂತ ಚೆನ್ನಾಗಿ ವಿವರಿಸುವುದು ಜೈನ ದರ್ಶನ. ದ್ರವ್ಯದಲ್ಲಿ ಹುಟ್ಟು, ಅಳಿವು, ಸ್ಥಿರತೆ ಮೂರೂ ಒಟ್ಟಿಗೆ ಇವೆ ಎಂಬುದು ಅದರ ನಿಲುವು. ದಿಗಂಬರ ಆಚಾರ್ಯ ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಚಿನ್ನದ ಕಲಶವನ್ನು ಒಡೆದು ಕಿರೀಟ ಮಾಡುವ ಉದಾಹರಣೆ ಕೊಡುತ್ತಾರೆ. ಕಲಶ ಬೇಕಾದವನಿಗೆ ದುಃಖ, ಕಿರೀಟ ಬೇಕಾದವನಿಗೆ ಸಂತೋಷ, ಚಿನ್ನವಷ್ಟೇ ಬೇಕಾದವನಿಗೆ ಎರಡೂ ಇಲ್ಲ. ಹಳೆಯ ಸ್ಕೂಟರನ್ನು ಗುಜರಿಗೆ ಹಾಕುವ ಮನೆಯಲ್ಲಿ ಈ ಮೂವರೂ ಸಿಗುತ್ತಾರೆ. ಮಾರುವವರಿಗೆ ನೋವು, ಅದರ ಎಂಜಿನ್ನಿಗಾಗಿ ಕಾದಿದ್ದ ಮೆಕ್ಯಾನಿಕ್‌ಗೆ ಹಿಗ್ಗು, ತೂಕ ಹಾಕಿ ಕೊಳ್ಳುವ ಗುಜರಿಯವರಿಗೆ ಇದು ಇಷ್ಟು ಕೆಜಿ ಕಬ್ಬಿಣ. ಮೂವರ ಭಾವವೂ ಭ್ರಮೆಯಲ್ಲ, ಒಂದೇ ವಸ್ತುವಿನ ಮೂರು ನಿಜಗಳಿಗೆ ತಕ್ಕದ್ದು. ಹಾಗಾಗಿ ಯಾವುದನ್ನಾದರೂ ಕಸವೆಂದು ಎಸೆಯುವವರು ಅಳಿದ ರೂಪವೊಂದನ್ನೇ ನೋಡಿ ದ್ರವ್ಯವನ್ನು ಕಾಣದೆ ಹೋಗುತ್ತಾರೆ. ಮೊದಲ ತಯಾರಕ ವಸ್ತುವಿಗೆ ಕೊಟ್ಟ ಉದ್ದೇಶ ಅದರ ಯೋಗ್ಯತೆಯ ಒಂದು ಪಾಲು ಮಾತ್ರ.

ಆದರೆ ಹಳೆಯ ವಸ್ತು ತನ್ನ ಶಕ್ತಿಯ ಜೊತೆಗೆ ತಾನು ಪಟ್ಟ ಪಾಡನ್ನೂ ತರುತ್ತದೆ. ವೈಶೇಷಿಕರು ಸಂಸ್ಕಾರವೆಂಬ ಗುಣವನ್ನು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ವಿಂಗಡಿಸಿದ್ದರು. ಬಾಗಿಸಿದ್ದು ಮೊದಲಿನ ಸ್ಥಿತಿಗೆ ಮರಳುವ ಶಕ್ತಿ ಮೂರನೆಯದು, ಕಮಾನು ಪಟ್ಟಿ ಬದುಕುವುದೇ ಅದರ ಮೇಲೆ. ಲಕ್ಷಾಂತರ ಸಲ ಬಾಗಿ ಮರಳಿದ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಬೆಳೆದಿರುತ್ತವೆ. ಅವುಗಳನ್ನು ಪೂರ್ತಿ ಅಳಿಸುವುದು ಕರಗಿಸುವ ದಾರಿ; ಯಲಹಂಕದಲ್ಲಿ ಸವೆದ ಗಾಲಿ ಮರಳಿ ಗಾಲಿಯಾಗಲು ಸಾಧ್ಯವಾಗುವುದು ಈ ದಾರಿಯಿಂದಲೇ. ಕಳಚಿ ಹಾಗೆಯೇ ಜೋಡಿಸುವ ದಾರಿಯಲ್ಲಿ ಹಳೆಯ ಬಿರುಕು ಹೊಸ ಗಾಡಿಗೂ ಬರುತ್ತದೆ. ಸ್ಟೀಲ್ ಬಟ್ಟಲು ಹೆಡ್‌ಲೈಟಿನ ಚಿಪ್ಪಾಗಬಹುದು. ಬ್ರೇಕಿಗೆ, ಸ್ಟಿಯರಿಂಗಿನ ಕೊಂಡಿಗೆ ಹೀಗೆ ಸಿಕ್ಕಿದ್ದನ್ನು ಹಾಕುವವರು ಹೆಬ್ಬಾಳದ ಮೇಲ್ಸೇತುವೆಯಲ್ಲಿ ಪಕ್ಕದಲ್ಲಿ ಸಾಗುವ ಅಪರಿಚಿತರ ಜೀವವನ್ನೂ ಪಣಕ್ಕಿಡುತ್ತಾರೆ. ಅದು ತಪ್ಪು.

ಇಂಥ ಮಾರ್ಪಾಡಿಗೆ ಕಾನೂನಿನ ಮಿತಿಯೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿಯ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಕಾನೂನು ಇಲ್ಲಿ ಮೂಲ ರೂಪದ ಪರ ನಿಲ್ಲುತ್ತದೆ, ಪೂರ್ತಿಯಾಗಿ ಅಲ್ಲ. ಅನಿಲ ಇಂಧನದ ಕಿಟ್ ಅಳವಡಿಸಲು ಅದರಲ್ಲಿ ಅವಕಾಶವಿದೆ. ಅದೇ 2019ರ ತಿದ್ದುಪಡಿ, ಅಂಗವಿಕಲರು ತಮ್ಮ ದೇಹಕ್ಕೆ ಒಗ್ಗುವಂತೆ ವಾಹನವನ್ನು ಬದಲಿಸಿಕೊಳ್ಳಲು ಷರತ್ತುಗಳೊಂದಿಗೆ ದಾರಿ ಮಾಡಿಕೊಟ್ಟಿದೆ.